ಅರ್ಧ ನೋವು

ಆ ಊರಿನ ಆಸ್ಪತ್ರೆಯಲ್ಲಿ ಪ್ರತಿ ಮಂಚದ ಪಕ್ಕ ಒಂದು ಕುರ್ಚಿ, ಕುರ್ಚಿಗೊಂದು ಪಟ್ಟಿ ಇರುತ್ತಿತ್ತು. ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಗುಂಡಿ ಒತ್ತಿದರೆ ರೋಗಿಯ ನೋವಿನಲ್ಲಿ ಅರ್ಧ ಕೂತವರಿಗೆ ಬರುತ್ತಿತ್ತು. ತಾಯಂದಿರು, ಗಂಡಂದಿರು ದಿನವೂ ಹಾಗೆ ಕೂರುತ್ತಿದ್ದರು.

ಕಸದ ರಾಶಿಗೆ ಬಿದ್ದ ಬೆಂಕಿಯಲ್ಲಿ ಎರಡೂ ಕೈ ಸುಟ್ಟುಕೊಂಡಿದ್ದ ಪೌರಕಾರ್ಮಿಕೆ ಶಾವಕ್ಕನಿಗೆ ತನ್ನವರು ಯಾರೂ ಇರಲಿಲ್ಲ. ಅಂದು ನಗರಸಭೆ ಸದಸ್ಯ ಈರಪ್ಪ ಅವಳ ಪಕ್ಕ ಕೂತು ಪಟ್ಟಿ ಸುತ್ತಿಕೊಂಡ. ಗುಂಡಿ ಮಾತ್ರ ಒತ್ತಲಿಲ್ಲ. ಫೋಟೋ ತೆಗೆಯುವವರೆಗೆ ಮುಖ ಹಿಂಡಿಕೊಂಡಿದ್ದು ಎದ್ದ. ನರ್ಸ್ ಫಿಲೋಮಿನಾ ಇಂಥವರನ್ನು ಎಷ್ಟೋ ಮಂದಿ ಕಂಡಿದ್ದಳು.

"ನಿಮಗ ಭಾಳ ತ್ರಾಸ ಆತೇನ್ರಿ, ಸಾಹೇಬ್ರ?" ಎಂದು ಶಾವಕ್ಕ ಕಳವಳದಿಂದ ಕೇಳಿದಳು.

ಈರಪ್ಪ ಪಟ್ಟಿ ಬಿಚ್ಚಿಟ್ಟು ಹೊರಟ. ಜೊತೆಗಿದ್ದವರನ್ನೆಲ್ಲ ಕಾರು ಹತ್ತಿಸಿ ಕಳಿಸಿ, ಒಬ್ಬನೇ ಮೆಟ್ಟಿಲು ಹತ್ತಿ ವಾಪಸು ಬಂದ. ಫಿಲೋಮಿನಾ ಆಗಷ್ಟೇ ಶಾವಕ್ಕನ ಡ್ರೆಸ್ಸಿಂಗ್ ಬಿಚ್ಚಲು ಕೂತಿದ್ದಳು.

"ಸಿಸ್ಟರ್, ಒಂದ್ ನಿಮಿಷ ತಡೀರಿ," ಎಂದವನೇ ಪಟ್ಟಿ ಸುತ್ತಿಕೊಂಡು ಗುಂಡಿ ಒತ್ತಿದ.

ಬಟ್ಟೆಯ ಮೊದಲ ಪದರ ಎದ್ದಾಗಲೇ ಚೀರಿಬಿಟ್ಟ.

"ಉಸಿರು ಹಿಡೀಬ್ಯಾಡ್ರಿ, ಮೆಲ್ಲಕ ಬಿಡ್ರಿ," ಎಂದು ಶಾವಕ್ಕ ಸಮಾಧಾನ ಹೇಳಿದಳು. "ಆಗಲಿಲ್ಲಂದ್ರ ಪಟ್ಟಿ ತಗದುಬಿಡ್ರಿ. ನನಗ ರೂಢಿ ಆಗೈತಿ."

"ಬ್ಯಾಡ, ಯವ್ವಾ," ಎಂದ ಈರಪ್ಪ. ಅವನ ಕಣ್ಣಲ್ಲಿ ನೀರು ಹರಿಯುತ್ತಿತ್ತು.

ಡ್ರೆಸ್ಸಿಂಗ್ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಮುಗಿದ ಮೇಲೂ ಅವನು ಪಟ್ಟಿ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಶಾವಕ್ಕನಿಗೆ, ಮೂರು ದಿನಗಳಲ್ಲಿ ಮೊದಲ ಸಲ, ನಿದ್ದೆ ಹತ್ತಿತು.

ಈರಪ್ಪ ದನಿ ತಗ್ಗಿಸಿ ಫಿಲೋಮಿನಾಳನ್ನು ಕೇಳಿದ:

"ಸಿಸ್ಟರ್, ನಾಳೆ ಡ್ರೆಸ್ಸಿಂಗ್ ಎಷ್ಟೊತ್ತಿಗ್ರಿ?"