ಸಾಲಿನ ಮುಂದಿನ ಸೆಮಿಕೋಲನ್

"ಅಕ್ಕ, ಅದೇನು ಹೊಸದಾಗಿ ಬರೀತಾ ಇದ್ದೀರಿ?"

ನಮಿತಾಳ ಬೆರಳು ಕೀಲಿಯ ಮೇಲೇ ನಿಂತಿತು. ಪ್ರೀತಮ್ ಯಾವಾಗ ಬೆನ್ನ ಹಿಂದೆ ಬಂದನೋ ಗೊತ್ತಾಗಲಿಲ್ಲ. ಮುಂಬಯಿಯ ಸಯನ್‌ನ ಆ ಆಫೀಸಿನಲ್ಲಿ ಅವಳಿಗೆ ಉಳಿದದ್ದು ಒಂದೇ ಗಂಟೆ.

"ಕೊನೆಯ ದಿನ ಅಲ್ವಾ? ಒಂದು ಸಾಲು ಸೇರಿಸಿದೆ."

"ಕಿತಾಪತಿ ಏನಾದ್ರೂ ಮಾಡಿ ಹೋಗ್ಬೇಡಿ ಮಾರಾಯ್ತಿ. ಐದು ಗಂಟೆಗೆ ಮಾವನಿಗೆ ಎಲ್ಲ ನಡೆಸಿ ತೋರಿಸ್ಲಿಕ್ಕುಂಟು."

ಮಾವನೆಂದರೆ ಮೋನಪ್ಪ, ಹನ್ನೊಂದು ಉಡುಪಿ ಹೋಟೆಲುಗಳ ಯಜಮಾನ. ಬೆಳಗಾಗುತ್ತಲೇ ಹೋಟೆಲುಗಳಿಗೆ ಬೇಕಾದ ಸಾಮಾನಿನ ಪಟ್ಟಿ ಕೂಡಿಸುವುದು, ಅದನ್ನು ತರಕಾರಿ ಮಂಡಿಗೆ ಕಳುಹಿಸುವುದು, ಆ ದಿನದ ಮೆನು ಅಚ್ಚು ಹಾಕುವುದು ಎಲ್ಲವೂ ಕಂಪ್ಯೂಟರಿನಲ್ಲಿ ತಾನಾಗಿ ನಡೆಯುತ್ತಿತ್ತು. ನಮಿತಾ ಮೂರು ವರ್ಷ ಕೂತು ಸ್ಕೀಮ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅದು. ಆ ಭಾಷೆಯ ತುಂಬ ಕಂಸಗಳು. ಅದಕ್ಕೇ ಅವಳಿಗೆ 'ಬ್ರಾಕೆಟ್ ಅಕ್ಕ' ಎಂಬ ಹೆಸರು.

ಎಲ್ಲವನ್ನೂ ಬರೆದವನು ತಾನೇ ಎಂದು ಪ್ರೀತಮ್ ಮಾವನಿಗೆ ಹೇಳಿದ್ದ. ಕೆಲಸ ತಾನಾಗಿ ನಡೆಯುವಾಗ ಅಕ್ಕ ಯಾಕೆ ಎಂದೂ ಹೇಳಿದ್ದ. ಹೀಗೇಕೆ ಸುಳ್ಳು ಹೇಳಿದಿರಿ ಎಂದು ಅವಳು ಕೇಳಿದಾಗ ಅವಳ ಫೋನಿಗೆ ಒಂದು ಉತ್ತರ ಕಳುಹಿಸಿದ್ದ. ನಮಿತಾ ಅದನ್ನು ಅಳಿಸಿರಲಿಲ್ಲ.

ಪ್ರೀತಮ್ ಬಗ್ಗಿ ಸಾಲು ಸಾಲಾಗಿ ನೋಡಿದ. ಅಳಿಸುವ ಆಜ್ಞೆ ಎಲ್ಲೂ ಇಲ್ಲ. ಕೊನೆಯ ಸಾಲಿಗೆ ಬಂದವನು ನಕ್ಕುಬಿಟ್ಟ.

"ಸೆಮಿಕೋಲನ್ ಸಾಲಿನ ಕೊನೆಗಲ್ವಾ ಹಾಕೋದು? ನೀವು ಮುಂದೆ ಹಾಕಿದ್ದೀರಿ! ಕಾಲೇಜಿನ ಪೋರರಿಗೂ ಗೊತ್ತುಂಟು."

"ಅದು ಹಾಗೇ ಇರಲಿ. ದಯವಿಟ್ಟು ಮುಟ್ಟಬೇಡಿ."

"ಯಾಕೆ? ಬರೆದದ್ದು ನಾನಲ್ವಾ?" ಅವನು ಕಣ್ಣು ಮಿಟುಕಿಸಿದ.

"ಹೌದು," ಎಂದಳು ನಮಿತಾ. "ಪ್ರತಿಯೊಂದು ಸಾಲೂ ನಿಮ್ಮದೇ."

ಮುಟ್ಟಬೇಡಿ ಎಂದದ್ದನ್ನು ಪ್ರೀತಮ್ ಮುಟ್ಟದೆ ಬಿಟ್ಟದ್ದನ್ನು ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಕಂಡಿರಲಿಲ್ಲ.

ಕೆಳಗೆ ಗೇಟಿನಲ್ಲಿ ವಾಚ್‌ಮನ್ ಭೀಮರಾಯ ತನ್ನ ಕುರ್ಚಿ ಒರೆಸಿ ಕೊಟ್ಟ. ಲೋಕಲ್ ರೈಲಿನ ನೂಕಾಟದಲ್ಲಿ ಬೆವೆತು ಬಂದವಳಿಗೆ ದಿನವೂ ಮೊದಲು ನೀರು ಕೊಟ್ಟು, ಆಮೇಲೆ ಸಹಿ ಕೇಳುತ್ತಿದ್ದವನು ಅವನೊಬ್ಬನೇ. ಇವತ್ತು ತನ್ನ ಚಹಾದಲ್ಲೇ ಅರ್ಧ ಬಸಿದು ಕೊಟ್ಟ.

"ಹಿಂಗ ಸುಮ್ನ ಹೋಗೂದೇನ್ರಿ ಬಾಯಾರ? ನಾ ಆಗಿದ್ರ ಎಲ್ಲಾ ಅಳಿಸಿ ಹೋಗ್ತಿದ್ದೆ."

ನಮಿತಾ ಚಹಾ ಗುಟುಕರಿಸುತ್ತ ಗೋಡೆಯ ಗಡಿಯಾರ ನೋಡಿದಳು. ಐದು ದಾಟಿ ಹತ್ತು ನಿಮಿಷ.

ಭೀಮರಾಯನ ಫೋನು ಕಿಣಿಗುಟ್ಟಿತು. ಬೆನ್ನಿಗೇ ಹೊರಗೆ ನಿಂತಿದ್ದ ಟೆಂಪೋ ಡ್ರೈವರನದು. ಕಂಪನಿಯ ಫೋನ್ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ಚಿತ್ರ ಬಂದಿತ್ತು: ಪ್ರೀತಮ್ ತಿಂಗಳ ಹಿಂದೆ ನಮಿತಾಗೆ ಕಳುಹಿಸಿದ ಉತ್ತರ. ಭೀಮರಾಯ ಅಕ್ಷರ ಕೂಡಿಸಿ ಓದಿದ.

"ಬರೆದದ್ದು ನೀವೇ ಅಕ್ಕ, ಒಪ್ತೇನೆ. ಆದ್ರೆ ಮಾವ ನಂಬೋದು ನನ್ನನ್ನು. ಆ ಮುದುಕನಿಗೆ ಏನು ಗೊತ್ತಾಗ್ತದೆ?"

ಮೇಲಿನ ಮಹಡಿಯಿಂದ ಮೋನಪ್ಪನ ಗುಡುಗು ಮೆಟ್ಟಿಲಿಳಿದು ಬಂತು. "ಪ್ರೀತಮಾ! ಪ್ರತಿಯೊಂದು ಸಾಲೂ ನಿಂದೇ ಅಂತ ಈಗಷ್ಟೇ ಹೇಳಿದ್ಯಲ್ಲ! ಇದೂ ನಿಂದೇಯಾ?"

ಭೀಮರಾಯ ಬಾಯಿ ತೆರೆದುಕೊಂಡು ಅವಳತ್ತ ನೋಡಿದ. "ಇದನ್ನ ನೀವು ಕಳಿಸಿದ್ರೇನ್ರಿ?"

"ಇಲ್ಲಪ್ಪ," ನಮಿತಾ ಖಾಲಿ ಲೋಟವನ್ನು ಅವನ ಕೈಗಿಟ್ಟಳು. "ಸ್ಕೀಮ್‌ನಲ್ಲಿ ಮುಂದೆ ಸೆಮಿಕೋಲನ್ ಇದ್ದ ಸಾಲನ್ನು ಕಂಪ್ಯೂಟರ್ ನಡೆಸೋದಿಲ್ಲ, ಅದು ಮಲಗಿರ್ತದೆ. ಈ ಚಿತ್ರ ಕಳಿಸೋ ಸಾಲಿನ ಸೆಮಿಕೋಲನ್ ಕಿತ್ತು ಕೊನೆಗೆ ಹಾಕಿ ಎಬ್ಬಿಸಿದ್ದು, 'ಬರೆದವರೇ'."