ಪೀಪಾಯಿಯೊಳಗಿನ ಕೋಳಿ

ತೆಂಗಿನ ಚಿಪ್ಪಿನ ಹೊಗೆ ಈಗಲೂ ನನ್ನನ್ನು ಆ ಹಿತ್ತಲಿಗೇ ತಂದು ಕೂರಿಸುತ್ತದೆ.

ಆ ಭಾನುವಾರ ಸಿಂಧಘಟ್ಟದವರೆಲ್ಲ ಪಂಚಾಯ್ತಿ ಟಿವಿಯಲ್ಲಿ ಸಿನಿಮಾ ನೋಡುತ್ತಿದ್ದರು. ಒಂಬತ್ತನೇ ಕ್ಲಾಸಿನ ನನ್ನನ್ನು ಮಾತ್ರ ಅವ್ವ ಹೊಗೆಯ ಪೀಪಾಯಿ ಕಾಯಲು ಕೂರಿಸಿದ್ದಳು. ಒಳಗೆ ಅರಿಶಿನ ಬಳಿದ ಎರಡು ಇಡೀ ಕೋಳಿಗಳು ತಂತಿಯಲ್ಲಿ ನೇತಾಡುತ್ತಾ ಬೆಲ್ಲದ ಬಣ್ಣಕ್ಕೆ ತಿರುಗುತ್ತಿದ್ದವು.

“ಯಾರವ್ವಾ ಬರೋದು?”

“ಪಾಲಹಳ್ಳಿಯೋರು. ಸುಮ್ಕೆ ನಿನ್ನ ನೋಡ್ಕಂಡ್ ಹೋಯ್ತಾರೆ ಕಣೇ.”

ನಮ್ಮಲ್ಲಿ ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕಾಫಿ ಅಷ್ಟೇ. ಮದುವೆ ಮಾತು ಮುಗಿದ ಮೇಲೆಯೇ ಬಾಡೂಟ.

“ಅಂಗಾರೆ ಕೋಳಿ ಯಾಕೆ?” ಎಂದು ಮುಚ್ಚಳ ಎತ್ತಿದೆ.

“ಮುಚ್ಚೇ, ಹೊಗೆ ಹೋಯ್ತದೆ. ಓದಿದ್ದು ಸಾಕು ಬುಡು,” ಎಂದಳು ಅವ್ವ.

ಮುಚ್ಚಿದೆ. ಸಂಜೆ ಪಾಲಹಳ್ಳಿಯವರು ಕೋಳಿಯನ್ನು ಹೊಗಳಿ ಹೊಗಳಿ ತಿಂದರು. ನನ್ನ ಮುಖವನ್ನು ಯಾರೂ ನೋಡಲಿಲ್ಲ.