ಮುಂಜಾನೆಯ ಗೋಳು

ಗುರುಪಾದಪ್ಪನಿಗೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಹೀಗಾಗಿ ದಿನಾ ಮುಂಜಾನೆ ಚಹದಂಗಡಿಯಲ್ಲಿ ಎದುರು ಕೂರುತ್ತಿದ್ದ ಅಪರಿಚಿತನೊಬ್ಬನ ಮುಂದೆ ಗೋಳೆಲ್ಲ ತೋಡಿಕೊಳ್ಳುತ್ತಿದ್ದ. ಮೊಣಕಾಲು ನೋವು, ಬಾರದ ನಳದ ನೀರು, ಗೋಡೆಯಾಚೆ ಜಗಳವಾಡುವ ಗಂಡಹೆಂಡತಿ, ತಳ ಹತ್ತಿದ ಅನ್ನ ಎಲ್ಲವೂ ಅದರಲ್ಲಿರುತ್ತಿದ್ದವು. ಆತ ಒಂದನ್ನೂ ಬಿಡದೆ ಕೇಳಿಸಿಕೊಂಡು, "ಎಲ್ಲಾ ಸರಿ ಹೋಗ್ತದ, ಬಿಡ್ರಿ" ಎಂದು ಏಳುತ್ತಿದ್ದ.

ಒಂದು ದಿನ ಗುರುಪಾದಪ್ಪನಿಗೆ ತನ್ನ ಮೇಲೇ ನಾಚಿಕೆಯಾಯಿತು. "ಬರೇ ನಂದ ಹೇಳ್ಕೋತ ಕುಂತೇನಿ. ನಿಮಗ ಏನೂ ಚಿಂತಿ ಇಲ್ಲೇನ್ರಿ?"

ಆತ ರಸ್ತೆಯಾಚೆಯ ಆಸ್ಪತ್ರೆಯತ್ತ ನೋಡಿದ. "ನನ್ನ ಹೇಣ್ತಿ ಅಲ್ಲಿ ಮಲಗಿ ಎಂಟು ತಿಂಗಳಾತು. ಕಣ್ಣು ತೆರದಿಲ್ಲ, ಮಾತಿಲ್ಲ. 'ಮಾತಾಡಸ್ಕೋತ ಇರ್ರಿ, ಕೇಳಸ್ತಿರಬಹುದು' ಅಂತಾರ ಡಾಕ್ಟರು."

ಗುರುಪಾದಪ್ಪ ಚಹದ ಲೋಟ ಕೆಳಗಿಟ್ಟ. "ತಪ್ಪಾತ್ರಿ. ಇನ್ನ ಮ್ಯಾಲ ನನ್ನ ಸಣ್ಣಪುಟ್ಟ ಗೋಳು ಹೇಳಂಗಿಲ್ಲ."

ಆತ ಗಾಬರಿಯಾಗಿ ಅವನ ಕೈ ಹಿಡಿದುಕೊಂಡ.

"ಹಂಗನ್ನಬ್ಯಾಡ್ರಿ. ನನ್ನ ಮಾತು ಎಂದೋ ಮುಗದಾವು, ದಿನಾ ಆಕಿಗೆ ನಿಮ್ಮ ಸುದ್ದಿನ ಹೇಳ್ತೇನಿ. ನಿನ್ನೆ ತುಟಿ ಅಲುಗಿಸಿ ನಕ್ಕಳು."